ನಿಮಗಿದು ಗೊತ್ತೆ? ಚಿತ್ರದುರ್ಗದಲ್ಲಿ ಕಡಲತಳದ ಲಾವಾ!

ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ಬಂಡೆಗಳು ಹುಟ್ಟಿದ್ದು ಸಮುದ್ರದ ಅಡಿಯಲ್ಲಿ! ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ನೀರಿನೊಳಗೇ ಜ್ವಾಲಾಮುಖಿ ಉಕ್ಕಿತ್ತು. ಕುದಿಯುವ ಲಾವಾಕ್ಕೆ ತಣ್ಣೀರು ತಾಗಿದ ಕೂಡಲೇ ಹೊರಮೈ ಸಿಪ್ಪೆಗಟ್ಟಿತು. ಒಳಗಿನ್ನೂ ಕರಗಿದ ಕಲ್ಲು. ಸಿಪ್ಪೆ ಬಿರಿದು, ಒಳಗಿನದು ಹೊರಚಿಮ್ಮಿ, ಅದೂ ಉಂಡೆಗಟ್ಟಿತು. ಹೀಗೇ ಒಂದರ ಮೇಲೊಂದು. ನೋಡಲು ದಿಂಬುಗಳನ್ನು ಒಟ್ಟಿದಂತೆ. ಅದಕ್ಕೇ ಇದು ‘ದಿಂಬು ಲಾವಾ’. ಬಂಡೆಯ ಮೇಲೆ ದುಂಡನೆಯ ಅಂಚುಗಳು ಇಂದಿಗೂ ಸ್ಪಷ್ಟ.

ಇಂದು ಸುತ್ತಲೂ ಒಣ ಬಯಲುಸೀಮೆ. ಅಲ್ಲಿ ಕಡಲಿತ್ತೆಂದರೆ ನಂಬುವುದೇ ಕಷ್ಟ. ಈ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚಿತ್ರದುರ್ಗದ ಕೋಟೆ ನೋಡಲು ಹೋದವರು ತಪ್ಪದೆ ನೋಡಬೇಕಾದ ಜಾಗ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಲಾವಾದವೇ. ಆದರೆ ಅವುಗಳ ವಯಸ್ಸು 9 ಕೋಟಿ ವರ್ಷದ ಆಸುಪಾಸು ಅಷ್ಟೆ!