ತೊಗಲಿನ ಹದ, ಮೂರು ಊರಿನ ಗಾಳಿ

ಹಸಿ ಚರ್ಮವನ್ನು ಬಳಕೆಗೆ ತರುವ ಕೆಲಸಕ್ಕೆ ಕನ್ನಡದಲ್ಲಿ ‘ಹದ ಮಾಡುವುದು’ ಎನ್ನುತ್ತೇವೆ. ಬೆಲ್ಲದ ಪಾಕಕ್ಕೆ, ರೊಟ್ಟಿ ಹಿಟ್ಟಿಗೆ, ಬಿತ್ತುವ ನೆಲಕ್ಕೆ ಹೇಳುವ ಅದೇ ಮಾತು. ಅದು ಎಷ್ಟು ಸರಿಯಾದ ಮಾತು ಎಂಬುದು ನನಗೆ ಮನದಟ್ಟಾಗಿದ್ದು ಗುಜರಾತಿಗೆ ಬಂದು, ತೊಗಲಿನ ಮೇಲೆ ಚಿತ್ತಾರ ಕೆತ್ತುವ ಹವ್ಯಾಸ ಅಂಟಿಕೊಂಡ ಮೇಲೆ.

ಈ ಕೆತ್ತನೆಗೆ ಎಲ್ಲ ತೊಗಲೂ ಆಗುವುದಿಲ್ಲ. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿಗಳ ಒಗರಿನಿಂದ ಹದ ಮಾಡಿದ್ದೇ ಬೇಕು. ಅದನ್ನು ತೇವ ಮಾಡಿ, ಚಾಕುವಿನಿಂದ ಗೆರೆ ಕೊರೆದು, ಅಚ್ಚು ಇಟ್ಟು ಸುತ್ತಿಗೆಯಿಂದ ಬಡಿದರೆ ಗುರುತು ಹಾಗೇ ನಿಲ್ಲುತ್ತದೆ. ಇವತ್ತಿನ ಬಹುಪಾಲು ಶೂ, ಪರ್ಸುಗಳಿಗೆ ಬಳಸುವ ಕ್ರೋಮ್ ತೊಗಲಿನಲ್ಲಿ ಒತ್ತಿದ ಗುರುತು ಮತ್ತೆ ಮೇಲೆದ್ದುಬಿಡುತ್ತದೆ.

ನೆನೆಸುವುದಕ್ಕೂ ಒಂದು ಕ್ರಮವಿದೆ. ಸ್ಪಂಜಿನಿಂದ ಎರಡೂ ಬದಿ ಸಮನಾಗಿ ಒದ್ದೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಬಿಡಬೇಕು. ನೀರು ಒಳಗೆಲ್ಲ ಹರಡಿಕೊಳ್ಳುತ್ತದೆ. ಮರುದಿನ ಬಿಚ್ಚಿಟ್ಟು ಕಾಯಬೇಕು. ಮೇಲ್ಮೈ ಒಣಗಿದಾಗಿನ ಬಣ್ಣಕ್ಕೆ ಮರಳುತ್ತಿರುವಾಗ, ಕೆನ್ನೆಗೆ ತಾಗಿಸಿದರೆ ಇನ್ನೂ ತಣ್ಣಗಿದ್ದರೆ ಅದೇ ಹದ. ಅಚ್ಚು ಒತ್ತಿದ ಜಾಗ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರು ಒಸರಿದರೆ ಹೆಚ್ಚಾಯಿತು, ಬಣ್ಣ ತಿರುಗದಿದ್ದರೆ ಕಡಿಮೆಯಾಯಿತು.

ಕಷ್ಟ ಇರುವುದು ಆ ಹದವನ್ನು ಉಳಿಸಿಕೊಳ್ಳುವುದರಲ್ಲಿ. ಆಫೀಸು ಮುಗಿಸಿ ಬಂದವನಿಗೆ ಸಿಗುವುದು ರಾತ್ರಿ ಒಂದು ಗಂಟೆ. ಒಂದು ಚೀಲದ ಮುಚ್ಚಳಕ್ಕೆ ನಾಲ್ಕೈದು ರಾತ್ರಿ ಬೇಕು. ಒಣಗಿದ್ದನ್ನು ಮತ್ತೆ ನೆನೆಸಬಹುದು, ಆದರೆ ಪ್ರತಿ ಸಲವೂ ಹಳೆಯ ಗುರುತು ಒಂದಿಷ್ಟು ಮಸುಕಾಗುತ್ತದೆ. ಅಲ್ಲಲ್ಲಿ ಮಾತ್ರ ನೀರು ಹಚ್ಚಿದರೆ ಅದರ ಅಂಚು ಕಲೆಯಾಗಿ ಕೂರುತ್ತದೆ.

ಕೆಲಸದ ನಿಮಿತ್ತ ನಾನು ಮೊದಲು ಇದ್ದದ್ದು ಅಹಮದಾಬಾದಿನಲ್ಲಿ. 2016ರ ಮೇ 20ರಂದು 48 ಡಿಗ್ರಿ ಮುಟ್ಟಿದ ಊರು ಅದು. ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ಒಂದು ಮೂಲೆ ಕೆತ್ತುವಷ್ಟರಲ್ಲಿ ಇನ್ನೊಂದು ಮೂಲೆ ಒಣಗಿರುತ್ತದೆ. ಹಾಗಾಗಿ ಫ್ಯಾನು ಬಂದ್. ತೊಗಲಿನ ಕೆಳಗೆ ನೀರು ಹೀರದ ನುಣುಪು ಗ್ರಾನೈಟ್ ಹಲಗೆ, ಕೈ ಆಡದ ಭಾಗದ ಮೇಲೆ ಪ್ಲಾಸ್ಟಿಕ್ ಹಾಳೆ.

ಇನ್ನೊಂದು ಎಚ್ಚರವನ್ನೂ ಅಲ್ಲಿಯೇ ಕಲಿತೆ: ಒದ್ದೆ ತೊಗಲಿಗೆ ಕಬ್ಬಿಣ ತಾಗಬಾರದು. ತೊಗಟೆಯ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ಕಲೆ. ಅಹಮದಾಬಾದಿನ ‘ಮಾತಾ ನಿ ಪಚೇಡಿ’ ಚಿತ್ರಕಾರರು ಇದನ್ನೇ ಬೇಕೆಂದು ಮಾಡುತ್ತಾರೆ. ಅಳಲೆಕಾಯಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಅವರು ಬರೆಯುವ ಕಪ್ಪು, ತುಕ್ಕು ಕಬ್ಬಿಣ ಮತ್ತು ಬೆಲ್ಲ ಕೊಳೆಸಿ ಮಾಡಿದ್ದು. ಅವರಿಗೆ ಬಣ್ಣವಾಗುವುದು ನನಗೆ ಕಲೆ.

ವಡೋದರಾದಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ಎರಡು ಮೂರು ದಿನ ಕೆಲಸ ನಿಂತರೆ ಒದ್ದೆ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಫ್ರಿಜ್ಜೇ ಮದ್ದು. ನಾಲ್ಕು ಪದರ ಸುತ್ತಿ ಮನೆಯೊಡತಿಯ ಫ್ರಿಜ್ಜಿನಲ್ಲಿಟ್ಟೆ. ಎಲ್ಲರೂ ‘ಬಾ’ ಎಂದು ಕರೆಯುತ್ತಿದ್ದ ಅಜ್ಜಿ ಅವರು. “ಬೇಟಾ, ಇದು ಚಾಮಡು ಅಲ್ಲವೇ? ಅಡುಗೆಮನೆಯಲ್ಲಿ ಬೇಡ,” ಎಂದರು. ದನಿ ಏರಿಸಲಿಲ್ಲ. ಅಂದಿನಿಂದ ನನ್ನ ಲೋಟ ಮಾತ್ರ ಬೇರೆಯಾಯಿತು.

ಎರಡು ಮಣ್ಣಿನ ಮಡಕೆ ತಂದು, ಒಂದರೊಳಗೆ ಇನ್ನೊಂದನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿದೆ. ಒಳಮಡಕೆಯಲ್ಲಿ ತೊಗಲಿನ ಗಂಟು, ಬಾಯಿಗೆ ಹಸಿ ಗೋಣಿತಟ್ಟು. ಒಣ ಬೇಸಿಗೆಯಲ್ಲಿ ಮರಳಿನ ನೀರು ಆವಿಯಾಗುತ್ತ ಒಳಗೆ ತಂಪಾಗುತ್ತದೆ. ಒಂದೆರಡು ದಿನಕ್ಕೆ ಧಾರಾಳ ಸಾಕು.

ಆದರೆ ಲೋಟದ ವಿಷಯ ಮನಸ್ಸಿನಿಂದ ಹೋಗಲಿಲ್ಲ. ನನಗೆ ತೊಗಲು ಹವ್ಯಾಸ. ಬೇಡವೆನಿಸಿದರೆ ಕೈತೊಳೆದುಕೊಂಡು ಎದ್ದುಬಿಡಬಹುದು. 2016ರ ಜುಲೈನಲ್ಲಿ ಇದೇ ರಾಜ್ಯದ ಊನಾ ಬಳಿ, ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರನ್ನು ಹಿಡಿದು ಥಳಿಸಿದರು. ಮರುತಿಂಗಳು ಅಹಮದಾಬಾದಿನಿಂದ ಊನಾವರೆಗೆ ಜಾಥಾ ಹೊರಟಿತು. ಇನ್ನು ಸತ್ತ ದನ ಎತ್ತುವುದಿಲ್ಲವೆಂದು ಅನೇಕರು ಪ್ರತಿಜ್ಞೆ ಮಾಡಿದರು.

ಈಗ ಸೂರತ್. ಕಡಲು ಹತ್ತಿರ, ತಾಪಿ ನದಿ ಪಕ್ಕದಲ್ಲಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಹಾಗಾಗಿ ಮಡಕೆಯ ಉಪಾಯ ನಡೆಯುವುದಿಲ್ಲ. ಅಹಮದಾಬಾದಿನಲ್ಲಿ ಒಣಗುವ ಭಯ, ಇಲ್ಲಿ ಬೂಷ್ಟಿನ ಭಯ. ನೀರು ಕಡಿಮೆ ಹಚ್ಚುತ್ತೇನೆ, ಸ್ವಂತ ಪುಟ್ಟ ಫ್ರಿಜ್ಜಿನಲ್ಲಿಡುತ್ತೇನೆ, ಮೂರು ದಿನದೊಳಗೆ ಕೆತ್ತನೆ ಮುಗಿಯದೆಂದು ಕಂಡರೆ ಪೂರ್ತಿ ಒಣಗಿಸಿ ಎತ್ತಿಡುತ್ತೇನೆ. ಮಸುಕಾದ ಗುರುತನ್ನು ಮತ್ತೆ ಒತ್ತಬಹುದು, ಬೂಷ್ಟಿನ ಕಲೆ ಮಾತ್ರ ಹೋಗುವುದು ಕಷ್ಟ.

ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರಿಗೆ ಇದೆಲ್ಲ ಕೈಗೆ ಬಂದ ವಿದ್ಯೆ. ತೊಗಲನ್ನು ನೆನೆಸಿ, ಹದ ನೋಡಿ ಅಟ್ಟೆ ಬಡಿಯುತ್ತಾರೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸೇರಿ ಆ ಚಪ್ಪಲಿಗೆ 2018ರಲ್ಲಿ ಜಿಐ ಮಾನ್ಯತೆ ದೊರೆಯಿತು. 2025ರ ಜೂನ್‌ನಲ್ಲಿ ಅದೇ ಮಾದರಿಯನ್ನು ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಪ್ರದರ್ಶಿಸಿತು. ಅದರ ಮೂಲ ಇಲ್ಲಿಯದು ಎಂದು ಒಪ್ಪಿಕೊಂಡದ್ದು ಟೀಕೆ ಬಂದ ಮೇಲೆ.

ನಮ್ಮ ಮಹಾನಗರಗಳ ಪ್ರದರ್ಶನ ಮಳಿಗೆಗಳಲ್ಲಿ ಆ ಚಪ್ಪಲಿ ಕಂಡರೆ ಅಟ್ಟೆಯನ್ನು ಒಮ್ಮೆ ಬಾಗಿಸಿ ನೋಡಿ. ಬೆಲೆ ಚೌಕಾಸಿ ಮಾಡುವ ಮುಂಚೆ ಒಂದು ಪ್ರಶ್ನೆಯನ್ನೂ ಕೇಳಿ: ಇದನ್ನು ಎಷ್ಟು ಹೊತ್ತು ನೆನೆಸಿದಿರಿ? ಮಾಡಿದವರೇ ಕೂತಿದ್ದರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ.