ಓದಲು ಹೋದ ಊರನ್ನು ನೋಡುವುದೂ ಓದೇ

ಮಕ್ಕಳನ್ನು ಕಡಲಾಚೆ ಓದಲು ಕಳಿಸಿದ ಮನೆಗಳು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ. ಚಿನ್ನ ಅಡವಿಟ್ಟೋ, ಸಾಲ ಮಾಡಿಯೋ ಫೀಸು ಕಟ್ಟಿರುತ್ತೇವೆ. ಅಂಥ ಮಗ ಗುಡ್ಡದ ಮೇಲೆ ನಿಂತ ಫೋಟೊ ಮೊಬೈಲಿಗೆ ಬಂದರೆ ಉಮ್ಮನಿಗೆ ಖುಷಿಗಿಂತ ಸಿಟ್ಟೇ ಮೊದಲು ಬರುತ್ತದೆ. "ಓದ್ಲಿಕ್ಕೆ ಹೋದವನಿಗೆ ತಿರುಗಾಟ ಯಾಕೆ?" ಎಂದು ಕೇಳುವವರು ನಮ್ಮ ಬಳಿಗೂ ಬರುತ್ತಾರೆ.

ನಮ್ಮ ಮದ್ರಸದಲ್ಲಿ ಕಲಿತ ಹುಡುಗನೊಬ್ಬ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಓದುತ್ತಿದ್ದಾನೆ. 1969ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅಲ್ಲಿದೆ. ರಜೆಯ ದಿನ ಬಸ್ಸು ಹತ್ತಿ ಜಾರ್ಜ್ ಟೌನ್ ಪೇಟೆಗೆ ಹೋಗುತ್ತಾನೆ. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪೇಟೆ ಅದು. ಅಲ್ಲಿಯ ಗುಡ್ಡಕ್ಕೆ 1923ರಿಂದ ಹಗ್ಗ ಎಳೆಯುವ ರೈಲಿದೆ. ದ್ವೀಪಕ್ಕೂ ದಡಕ್ಕೂ ನಡುವೆ 1985ರ ಸೇತುವೆ, ಉದ್ದ ಹದಿಮೂರುವರೆ ಕಿಲೋಮೀಟರ್. ನಮ್ಮ ಉಳ್ಳಾಲ ಸೇತುವೆ ಅದರ ಮುಂದೆ ಮೋರಿಯ ಹಾಗೆ!

ಇದೆಲ್ಲ ಕಣ್ಣಿಗೆ ಹಬ್ಬ, ಸರಿ. ಆದರೆ ಅವನು ಕಲಿತದ್ದು ಬೀದಿಯಲ್ಲಿ. ತಮಿಳು ಕರಾವಳಿಯಿಂದ ವ್ಯಾಪಾರಕ್ಕೆ ಹೋದ ಚೂಲಿಯಾ ಮುಸ್ಲಿಮರು 19ನೇ ಶತಮಾನದ ಆರಂಭದಲ್ಲೇ ಅಲ್ಲಿ ಕಪಿತಾನ್ ಕೆಲಿಂಗ್ ಮಸೀದಿ ಕಟ್ಟಿದರು. ಅದೇ ಬೀದಿಯಲ್ಲಿ ಚೀನೀಯರ ಗುಡಿ, ಸ್ವಲ್ಪ ನಡೆದರೆ 1818ರ ಚರ್ಚು, ಪಕ್ಕದಲ್ಲೇ ಮಾರಿಯಮ್ಮನ ದೇವಸ್ಥಾನ. ಹತ್ತಿರದ ಅಚೀನ್ ಬೀದಿಯ ಮಸೀದಿ ಒಂದು ಕಾಲದಲ್ಲಿ ಹಾಜಿಗಳು ಸೇರುತ್ತಿದ್ದ ಜಾಗ. ನಮ್ಮ ಹಿರಿಯರು ಮುಂಬೈಯಲ್ಲಿ ಹಡಗು ಹತ್ತಿದಂತೆ ಆ ಕಡೆಯವರು ಪೆನಾಂಗ್‌ನಲ್ಲಿ ಹತ್ತುತ್ತಿದ್ದರು.

ಊಟಕ್ಕೆ ನಾಸಿ ಕಂದಾರ್. ಅನ್ನದ ಮೇಲೆ ನಾಲ್ಕೈದು ಬಗೆಯ ಸಾರು ಒಟ್ಟಿಗೆ ಸುರಿಯುತ್ತಾರೆ. ಕಾವಡಿ ಹೆಗಲಿಗೇರಿಸಿ ಅನ್ನ, ಸಾರು ಹೊತ್ತು ಮಾರಿದವರಿಂದ ಬಂದ ಹೆಸರದು. ತಲೆಹೊರೆ ಹೊತ್ತು ಮನೆ ಸಾಕಿದ ಬ್ಯಾರಿಗಳ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ? "ಉಸ್ತಾದ್, ನಮ್ಮಜ್ಜನ ನೆನಪಾಯ್ತು" ಎಂದು ಹುಡುಗ ಬರೆದಿದ್ದ.

ಇಬ್ನ್ ಬತೂತ 1325ರಲ್ಲಿ ಮನೆ ಬಿಟ್ಟಾಗ ಅವರಿಗೆ ಇಪ್ಪತ್ತೊಂದು ವರ್ಷ. ಕಣ್ಣು ತೆರೆದು ತಿರುಗಿದ್ದಕ್ಕೇ ನಮ್ಮ ಮಂಗಳೂರಿನ ಅಂದಿನ ಸುದ್ದಿಯೂ ಬರಹದಲ್ಲಿ ಉಳಿಯಿತು.

ಹಾಗಂತ ಕ್ಲಾಸು ಬಿಟ್ಟು ತಿರುಗಬಾರದು, ಸಾಲದ ದುಡ್ಡು ಮಾಲ್‌ಗಳಲ್ಲಿ ಕರಗಬಾರದು. ತಿಂಗಳಿಗೆ ಇಷ್ಟೇ ಎಂದು ಮೊದಲೇ ಮಾತಾಡಿಕೊಳ್ಳಿ. ಬಸ್ಸಿನ ಚಾರ್ಜು, ಒಂದು ಊಟ ಇದ್ದರೆ ಜಾರ್ಜ್ ಟೌನ್ ನಡೆದೇ ನೋಡಬಹುದು. ಹೋಗುವ ಜಾಗ ಜೊತೆಗಾರರಿಗೆ ತಿಳಿಸಿರಲಿ, ಪಾಸ್‌ಪೋರ್ಟಿನ ನಕಲು ಜೇಬಿನಲ್ಲಿರಲಿ.

ಇನ್ನು ಫೋನು ಬಂದಾಗ ಮಾರ್ಕು ಎಷ್ಟೆಂದು ಕೇಳಿ, ತಪ್ಪಿಲ್ಲ. ಅದರ ಜೊತೆ "ಈ ವಾರ ಏನು ನೋಡಿದೆ ಮೋನೇ?" ಎಂದೂ ಕೇಳೋಣ.