ಕೋಡಂಗಿ ಕುಣಿದ ಮೇಲೆ ಅಭಿಮನ್ಯು

ಸಿನಿಮಾದಲ್ಲಿ ಥೋರ್ ಸುತ್ತಿಗೆ ಎತ್ತಿದರೆ ಸಿಡಿಲು ಬೀಳುತ್ತದೆ. ಶಾಲೆಯ ಸ್ಟೇಜಿನಲ್ಲಿ ಬೀಳುವುದು ರಟ್ಟಿನ ಸುತ್ತಿಗೆಯೇ, ಅದೂ ಬೀಳಬಾರದ ಹೊತ್ತಿಗೆ. ಈ ಫಜೀತಿ ಗೊತ್ತಿದ್ದೂ ಮಾರ್ವೆಲ್ ಕಂಪನಿ 2019ರಲ್ಲಿ ನಾಟಕ ಪ್ರಕಾಶಕರಾದ ಸ್ಯಾಮ್ಯುಯೆಲ್ ಫ್ರೆಂಚ್ ಮೂಲಕ ಹದಿಹರೆಯದವರು ಆಡಲೆಂದೇ ಮೂರು ಏಕಾಂಕಗಳನ್ನು ಹೊರತಂದಿತು. ಕ್ರಿಶ್ಚಿಯನ್ ಬೋರ್ಲ್ ಬರೆದ ನಾಟಕದಲ್ಲಿ ಥೋರ್ ಇನ್ನೂ ಹುಡುಗ, ಶಕ್ತಿಪರೀಕ್ಷೆಯಲ್ಲಿ ಎಡವಟ್ಟು ಮಾಡಿಕೊಂಡವನು. ಮಾಸಿ ಅಸಾರೆ ಅವರದ್ದರಲ್ಲಿ ಪಾಕಿಸ್ತಾನಿ ಮೂಲದ ಅಮೆರಿಕನ್ ಹುಡುಗಿ ಕಮಲಾ ಖಾನ್, ಅಂದರೆ ಮಿಸ್ ಮಾರ್ವೆಲ್, ತನ್ನ ಸಾಹಸದ ಕಥೆಗಳನ್ನು ತಾನೇ ಬರೆದು ಅಭಿಮಾನಿಗಳನ್ನು ಹುಟ್ಟಿಸಹೋಗುತ್ತಾಳೆ. ಅತ್ತ ಓದೂ ಕೆಡುತ್ತದೆ, ಗೆಳೆತನವೂ ಕೆಡುತ್ತದೆ. ಕರೆನ್ ಝಕಾರಿಯಾಸ್ ಅವರ ಅಳಿಲು ಹುಡುಗಿ ಹೊಸ ಕಾಲೇಜಿನಲ್ಲಿ ತಾನು ಯಾರೆಂಬ ಗುಟ್ಟು ಬಚ್ಚಿಡಲು ಒದ್ದಾಡುತ್ತಾಳೆ.

ಹಾರುವುದು, ಗೋಡೆ ಒಡೆಯುವುದು ಶಾಲೆಯ ಬಜೆಟ್ಟಿಗೆ ದಕ್ಕದ ಮಾತು. ಮುಜುಗರ, ಹಟ, ಸುಳ್ಳು, ಒಂಟಿತನ ಇವು ಮಾತ್ರ ಪುಕ್ಕಟೆ, ಪ್ರತಿ ತರಗತಿಯಲ್ಲೂ ಧಾರಾಳ. ನಾಟಕಕಾರರು ಜಾಣರು, ಅವನ್ನೇ ಬಂಡವಾಳ ಮಾಡಿಕೊಂಡರು.

ಕರಾವಳಿಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಯಕ್ಷಗಾನದಲ್ಲಿ ಎಳೆಯ ವೀರರಿಗೆಂದೇ ಒಂದು ವರ್ಗವಿದೆ: ಪುಂಡುವೇಷ. ಅಭಿಮನ್ಯು, ಬಭ್ರುವಾಹನ, ವೃಷಸೇನ ಎಲ್ಲರೂ ಈ ಸಾಲಿನವರು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಇವರ ತಲೆಗೆ ಕೇದಗೆ ಮುಂದಲೆ ಎಂಬ ಶಿರೋಭೂಷಣ. ಚಂಡೆಯ ಪೆಟ್ಟಿಗೆ ದಿಗಿಣ ಹಾರುವುದು, ಅಂದರೆ ಸುತ್ತುತ್ತ ಜಿಗಿಯುವುದು, ಮಂಡಿಯಲ್ಲಿ ಗಿರಗಿರನೆ ಸುತ್ತುವುದು ಇವರ ಅತಿಮಾನುಷ ಶಕ್ತಿ. ಕಂಪ್ಯೂಟರು ಬೇಡ, ಮೊಣಕಾಲು ಗಟ್ಟಿಯಿರಬೇಕು. ಯಕ್ಷಗಾನ ಕಲಾವಿದ ಪುತ್ತೂರು ಶ್ರೀಧರ ಭಂಡಾರಿಯವರು ವಯಸ್ಸು ಅರವತ್ತರ ಹತ್ತಿರ ಬಂದಾಗಲೂ ಅಭಿಮನ್ಯುವಾಗಿ ದಿಗಿಣ ಹಾಕಿದರೆ ಸಭೆ ಎದ್ದು ಕೂರುತ್ತಿತ್ತು. 1977ರ ‘ಬಬ್ರುವಾಹನ’ ಚಿತ್ರದಲ್ಲಿ ರಾಜ್‌ಕುಮಾರ್ ಅಪ್ಪ ಅರ್ಜುನನೂ ಆದರು, ಮಗನೂ ಆದರು. ಆ ಅನುಕೂಲ ಕ್ಯಾಮೆರಾಕ್ಕುಂಟು, ರಂಗಸ್ಥಳಕ್ಕಿಲ್ಲ.

ಆದರೆ ಮೇಳದ ಸಂಪ್ರದಾಯದಲ್ಲಿ ಯಾರೂ ನೇರವಾಗಿ ಅಭಿಮನ್ಯುವಾಗುವುದಿಲ್ಲ. ಮೊದಲು ಕೋಡಂಗಿ. ಜನ ಇನ್ನೂ ಚಾಪೆ ಹಾಸುತ್ತಿರುವಾಗ, ಯಾರೂ ಗಮನಿಸದ ಹೊತ್ತಿನಲ್ಲಿ ಕುಣಿಯುವ ಹುಡುಗ. ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಅದೆಲ್ಲ ದಾಟಿದ ಮೇಲೆ ಪುಂಡುವೇಷ. ಈ ಸರದಿಯನ್ನು ಬರೀ ಶಿಸ್ತು ಎಂದುಕೊಂಡರೆ ಅರ್ಧ ಸತ್ಯ. ಸೋಲನ್ನೂ ಸಂಕೋಚವನ್ನೂ ಮೈಮೇಲೆ ಹಾಕಿಕೊಂಡು ನೋಡದ ಹುಡುಗ ಚಕ್ರವ್ಯೂಹದ ಅಭಿಮನ್ಯುವನ್ನು ಆಡಲಾರ. ಅಭಿಮನ್ಯು ವ್ಯೂಹದ ಒಳಗೆ ನುಗ್ಗಲು ಬಲ್ಲ, ಹೊರಗೆ ಬರಲು ಅರಿಯ. ಯುದ್ಧಕ್ಕೆ ಮೊದಲು ತಡೆಯಲು ಬರುವ ತಾಯಿ ಸುಭದ್ರೆಯ ಮುಂದೆ ನಿಂತು ಮಾತಾಡುವ ಭಾಗವೇ ಪಾತ್ರದ ತಿರುಳು. ಅಲ್ಲಿ ದಿಗಿಣ ಕೆಲಸಕ್ಕೆ ಬರುವುದಿಲ್ಲ.

ಮಕ್ಕಳದೇ ಮೇಳ ಕಟ್ಟುವ ಸಾಹಸ 1975ರಲ್ಲಿ ನಡೆಯಿತು. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಸಾಲಿಗ್ರಾಮ ಮಕ್ಕಳ ಮೇಳ ಆರಂಭಿಸಿದರು. ಈಗ ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೆಜ್ಜೆ ಕಲಿಸುತ್ತದೆ. ವರ್ಷದ ಕೊನೆಗೆ ಕಿಶೋರ ಯಕ್ಷಗಾನ ಸಂಭ್ರಮ. ಗಡಿಯಾಚೆ ಕಾಸರಗೋಡಿನ ಪೆರ್ಲದಲ್ಲಿ ಪಡ್ರೆ ಚಂದು ಸ್ಮಾರಕ ತರಬೇತಿ ಕೇಂದ್ರವಿದೆ, ಕೊಲ್ಲಿಯಲ್ಲಿ ದುಬೈಯ ಯಕ್ಷಗಾನ ಅಭ್ಯಾಸ ಕೇಂದ್ರವಿದೆ. ಹಿಂದೆ ಗಂಡಸರದ್ದೇ ಆಗಿದ್ದ ರಂಗಸ್ಥಳದಲ್ಲಿ ಇವತ್ತು ಎಷ್ಟೋ ಶಾಲೆಗಳ ಅಭಿಮನ್ಯು ಹೆಣ್ಣುಮಗಳು.

ಅದೇ ಕೊಲ್ಲಿಯ ಒಮಾನಿನಲ್ಲಿ, ಮಸ್ಕತ್ತಿನ ಬೌಶರ್ ವಿಲಾಯತ್ತಿಗೆ (ಆಡಳಿತ ವಿಭಾಗಕ್ಕೆ) ಸೇರಿದ ಘಾಲಾದಲ್ಲಿ ಬೆಳೆಯುವ ಕರಾವಳಿ ಮೂಲದ ಮಗುವಿನ ತೊಡಕು ಬೇರೆ. ವರ್ಕ್‌ಶಾಪು, ಗೋದಾಮು, ಚರ್ಚುಗಳ ಆವರಣ, ಒಣ ವಾದಿ (ಮಳೆ ಬಂದಾಗಷ್ಟೇ ಹರಿಯುವ ಹಳ್ಳ) ಇರುವ ಊರು ಅದು. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ. ಶಾಲೆಯಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಹಿಂದಿ, ಮಲಯಾಳ. ಊರಿಗೆ ಬರುವುದು ಬೇಸಿಗೆ ರಜೆಯಲ್ಲಿ, ಜೂನ್-ಜುಲೈ ಹೊತ್ತಿಗೆ. ಅಷ್ಟರಲ್ಲಿ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ಬಯಲಾಟದ ರಾತ್ರಿ ಮಗುವಿಗೆ ಸಿಗುವುದೇ ಇಲ್ಲ. ಸಿಕ್ಕರೆ ಮಳೆಗಾಲದಲ್ಲಿ ಮನೆ ಮನೆಗೆ ಬರುವ ಚಿಕ್ಕಮೇಳ, ಅಜ್ಜನ ಮನೆಯ ಚಾವಡಿಯಲ್ಲಿ ಸ್ವಲ್ಪ ಹೊತ್ತಿನ ಕುಣಿತ.

ಹಾಗಾಗಿ ಅಲ್ಲಿನ ಶಾಲಾ ವಾರ್ಷಿಕೋತ್ಸವಕ್ಕೆ ಮಗು ಸ್ಪೈಡರ್‌ಮ್ಯಾನ್ ಆಗುತ್ತೇನೆಂದರೆ ತಪ್ಪು ಹಿಡಿಯುವುದು ಸಲ್ಲ. ಕಂಡದ್ದನ್ನೇ ತಾನೇ ಅದು ಕೇಳುವುದು. ಅಭಿಮನ್ಯು ಆಡಿಸುವವರಿಗೆ ದಾರಿ ಇದೆ. ಇಡೀ ರಾತ್ರಿಯ ಪ್ರಸಂಗವನ್ನು ಒಂದೂವರೆ ಗಂಟೆಗೆ ಇಳಿಸಬಹುದು. ಮೇಳದ ಕಲಾವಿದರು ರಂಗದಲ್ಲೇ ಕಟ್ಟುವ ಅರ್ಥವನ್ನು, ಅಂದರೆ ಮಾತುಗಳನ್ನು, ಮಕ್ಕಳಿಗೆ ಗುರುಗಳು ಮೊದಲೇ ಬರೆದುಕೊಡುತ್ತಾರೆ. ಇಂಗ್ಲಿಷಿನಲ್ಲಿ ಯೋಚಿಸುವ ಮಗು ಆ ಸಾಲುಗಳನ್ನು ಬಾಯಿಪಾಠ ಮಾಡಿ, ತಾಳ ತಪ್ಪದೆ, ಎದುರಿನ ಜಯದ್ರಥನ ಮಾತು ಮುಗಿಯುವವರೆಗೆ ಸುಮ್ಮನೆ ನಿಲ್ಲಬೇಕು. ಕುಣಿಸಿದ ಯಾವ ಗುರುವನ್ನು ಕೇಳಿದರೂ ಹೇಳುತ್ತಾರೆ, ಮಕ್ಕಳಿಗೆ ಹಾರುವುದು ಬೇಗ ಬರುತ್ತದೆ, ನಿಲ್ಲುವುದು ತಡವಾಗಿ.